ಖಾಲಿ ಶೆಡ್ಡಿಗೆ ಕೊಟ್ಟ ಅಂಕ

ಮಾರ್ಚ್ 3, ರೈಲಿನಲ್ಲಿ

ಈ ವರ್ಷದ ಆರನೆಯ ಸಂಗೀತೋತ್ಸವ. ಅದೇ ಫಾರ್ಮು — ಧ್ವನಿ, ನೆರಳು, ನೀರು, ಶೌಚಾಲಯ, ಹತ್ತಕ್ಕೆ ಇಷ್ಟು. ಪತ್ರಿಕೆಗೆ ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಒಳ್ಳೆಯ ಉತ್ಸವ ಯಾವುದು ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: ಕೊನೆಯ ಸಾಲಿನವನಿಗೂ ಹಾಡುವವಳ ಉಸಿರು ಕೇಳಬೇಕು. ತಲೆದೂಗುತ್ತಾರೆ. ನಾನೂ ಉಬ್ಬುತ್ತೇನೆ.

ಮಾರ್ಚ್ 4, ಮಧ್ಯಾಹ್ನ

ಅಕ್ಕನ ಫೋನು. ಭಾವ ತಮ್ಮ ಉತ್ಸವ ನಿಲ್ಲಿಸುತ್ತಾರಂತೆ.

"ನೀನು ಹೋದ ವರ್ಷ ಸೌಂಡಿಗೆ ಎರಡು ಕೊಟ್ಯಲ್ಲ, ಅದನ್ನ ನೋಡಿ ಹಾಡೋರು ಒಬ್ಬೊಬ್ರೇ ಜಾರ್ಕೊಂಡ್ರು. ಮೈಕ್‌ಸೆಟ್ಟಿನವರನ್ನ ಇವ್ರು ಬಿಡಿಸಿಬಿಟ್ರು. ಇಪ್ಪತ್ತು ವರ್ಷದ ಸ್ನೇಹ ಕಣೋ."

"ಭಾವನಿಗೆ ನನ್ನ ಮೇಲೆ ಸಿಟ್ಟಾ?"

"ಅಯ್ಯೋ, ಇಲ್ಲಪ್ಪ. ಸ್ವಂತದವರು ಅಂತ ದಾಕ್ಷಿಣ್ಯ ನೋಡ್ಲಿಲ್ಲ, ಗಟ್ಟಿ ಮನುಷ್ಯ ಅಂತಾರೆ."

ಗಟ್ಟಿ ಮನುಷ್ಯ! ಯಾರಿಗೂ ಹೇಳದ್ದನ್ನು ಇಲ್ಲಿ ಬರೆಯುತ್ತೇನೆ. ಭಾವ ಉತ್ಸವ ನಡೆಸುವುದು ಹಳೆಯ ಗಿರಣಿಯ ಶೆಡ್ಡಿನಲ್ಲಿ. ಹೋದ ವರ್ಷ ಅವತ್ತೇ ನಾಲ್ಕರ ರೈಲು ಹಿಡಿಯಬೇಕಿತ್ತು, ಇನ್ನೊಂದು ದೊಡ್ಡ ಉತ್ಸವಕ್ಕೆ. ಅಲ್ಲಿ ಮುಂದಿನ ಸಾಲಿನ ಪಾಸು. ಹಾಗಾಗಿ ಮಧ್ಯಾಹ್ನ ಮೈಕ್ ಟೆಸ್ಟಿಂಗ್ ಮಾಡುವಾಗಲೇ ಹಿಂದೆ ನಿಂತು ಕೇಳಿ ಫಾರ್ಮು ತುಂಬಿದೆ. ಶೆಡ್ಡು ಖಾಲಿ. ಬರೀ ಗೋಡೆ, ಬರೀ ಕುರ್ಚಿ — ದನಿ ಮಾರ್ದನಿಸದೆ ಇನ್ನೇನು? ಜನ ತುಂಬಿದರೆ ಅವರ ಮೈ, ಬಟ್ಟೆಗಳೇ ಅದನ್ನು ಹೀರಿಕೊಳ್ಳುತ್ತವೆ. ಕುರ್ಚಿ ಹಾಕುವವನಿಗೂ ಗೊತ್ತಿರುವ ವಿಷಯ. ನನಗೂ ಗೊತ್ತಿತ್ತು. ಭಾವನಿಗೇ ಕಡಿಮೆ ಕೊಟ್ಟ ಎಂದು ಹೊಗಳಿಸಿಕೊಳ್ಳುವ ಚಪಲ ಬೇರೆ. ಥೂ.

ಮಾರ್ಚ್ 19

ಬೇರೆ ಊರು, ಬೇರೆ ಉತ್ಸವ. ಗೇಟಿನಲ್ಲಿ ಬಂದವರ ಕೈಗೆ ಕಾಗದದ ಪಟ್ಟಿ ಕಟ್ಟುತ್ತಿದ್ದವರು... ಭಾವ ಬಿಡಿಸಿದ ಅದೇ ಮೈಕ್‌ಸೆಟ್ಟಿನವರು. ನನ್ನನ್ನು ಕಂಡು ನಕ್ಕರು.

"ಸೌಂಡ್ ಮಿಕ್ಸರ್ ಮುಂದೆ ಕೂರ್ತಾ ಇಲ್ವಾ?" ಎಂದೆ. ನಾಚಿಕೆಗೆಟ್ಟ ಬಾಯಿ.

"ಧೈರ್ಯ ಇಲ್ಲ ಸರ್. ಅವತ್ತು ನನಗೆ ಚೆನ್ನಾಗೇ ಕೇಳಿಸ್ತು. ಜನಾನೂ ಎದ್ದು ನಿಂತು ಚಪ್ಪಾಳೆ ಹೊಡೆದ್ರು. ಆದ್ರೆ ನಿಮ್ಮಂಥವರು ಎರಡು ಅಂದ್ಮೇಲೆ ನನ್ನ ಕಿವೀನೇ ಕೆಟ್ಟಿರ್ಬೇಕು. ಡಾಕ್ಟ್ರಿಗೂ ತೋರಿಸ್ದೆ. ಏನೂ ಆಗಿಲ್ಲ ಅಂತಾರೆ. ಅವ್ರಿಗೇನು ಗೊತ್ತು, ಸಂಗೀತದ ಕಿವಿ ಬೇರೆ ಅಲ್ವಾ ಸರ್?"

ತಲೆಯಾಡಿಸಿದೆ. ಪಟ್ಟಿ ಕಟ್ಟಿ ಒಳಗೆ ಬಿಟ್ಟರು. ಒಂದು ಹಾಡೂ ಕಿವಿಗೆ ಬೀಳಲಿಲ್ಲ. ಧ್ವನಿಗೆ ಎಂಟು ಕೊಟ್ಟು ಬಂದೆ.

ಮಾರ್ಚ್ 20

ಸಂಪಾದಕರಿಗೆ ಹೇಳಿದೆ, ತಿದ್ದುಪಡಿ ಹಾಕೋಣ ಎಂದು. "ಒಂದು ತಪ್ಪು ಅಂದ್ರೆ ಹದಿನಾಲ್ಕು ವರ್ಷದ್ದೂ ತಪ್ಪು ಅಂತಾರೆ. ಕೈ ಮುಗೀತೀನಿ, ಬಿಟ್ಬಿಡು ಮಾರಾಯ."

ಬಿಟ್ಟೆ. ಎಷ್ಟು ಸಲೀಸಾಗಿ ಬಿಟ್ಟೆ.

ಏಪ್ರಿಲ್ 27, ಭಾವನ ಮನೆ

ಹೇಳಿಯೇ ತೀರಬೇಕೆಂದು ಬಂದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಗಿಲಲ್ಲೇ ಭಾವ ಹೆಗಲ ಮೇಲೆ ಕೈ ಹಾಕಿದರು.

"ಇನ್ನೊಂದೇ ಒಂದು ಸಲ ಉತ್ಸವ ಮಾಡಿ ನೋಡೋಣ ಅನ್ನಿಸ್ತಿದೆ ಕಣೋ. ಆ ಮೈಕ್‌ಸೆಟ್ಟಿನವನನ್ನೇ ವಾಪಸ್ ಕರೀಲಾ? ಮನಸ್ಸು ತಡೀತಿಲ್ಲ. ನೀನು ಹೂಂ ಅಂದ್ರೆ ಈಗಲೇ ಫೋನ್ ಮಾಡ್ತೀನಿ."

ಹೂಂ ಎಂದರೆ ಸಾಕಿತ್ತು. ಆದರೆ ಅವರು ಬಂದು ಕೂತರೆ, ಜನ ತುಂಬಿದ ಶೆಡ್ಡಿನಲ್ಲಿ ಎಲ್ಲರಿಗೂ ಕೇಳಿಬಿಡುತ್ತದಲ್ಲ — ಎರಡು ಕೊಟ್ಟ ಧ್ವನಿ ಎಂಥದೆಂದು.

"ಅವರಿಗೆ ವಯಸ್ಸಾಯ್ತು ಭಾವ," ಎಂದೆ. "ಸೌಂಡು ನಾನೇ ನೋಡ್ಕೋತೀನಿ."

ಭಾವನ ಕಣ್ಣು ತುಂಬಿತು. ಅಕ್ಕ ಹತ್ತಿರ ಬಂದು ನನ್ನ ತಲೆ ಸವರಿ, "ಗಟ್ಟಿ ಮನುಷ್ಯ," ಎಂದಳು.