ಪಿಸ್ತೂಲು ಉಜ್ಜುತ್ತಿರುವವರಿಗೆ

ರೀ,

ನಾಳೆ ಆಯುಧಪೂಜೆ ಅಲ್ವಾ, ಹೂವು, ಬೂದುಗುಂಬಳಕಾಯಿ ತರಕ್ಕೆ ಗಾಂಧಿಬಜಾರಿಗೆ ಹೋಗಿದೀನಿ. ಬಿಸಿಬೇಳೆಬಾತ್ ಮಾಡಿಟ್ಟಿದೀನಿ. ಸೀಮೆಎಣ್ಣೆ ಕೈನ ಸೋಪು ಹಾಕಿ ತೊಳ್ಕೊಂಡು ತಿನ್ನಿ.

ನಮ್ಮಪ್ಪ ಮಿಲಿಟರಿಯಿಂದ ತಂದ ಪಿಸ್ತೂಲು ನಿಮ್ಮ ಕೈಲಿ ಮತ್ತೆ ಹೊಳೀತಿದೆ, ಒಪ್ಕೋತೀನಿ. ಆದ್ರೆ ನನ್ನ ಹೊಲಿಗೆ ಮಿಷನ್ ಎಣ್ಣೆ ಪೂರ್ತಿ ಖಾಲಿ ಮಾಡಿದೀರ. ಉಜ್ಜಿರೋದು ನನ್ನ ಹೊಸ ಬ್ಲೌಸ್ ಪೀಸಲ್ಲಿ! ಅದನ್ನ ಬಂದು ವಿಚಾರಿಸ್ಕೋತೀನಿ.

ಹಿಡಿ ಮೇಲಿನ ಗೀರುಗಳ ಸಂದೀಲಿರೋ ಕೆಂಪನ್ನ ಮಾತ್ರ ಕೆರೀಬೇಡಿ. ಅದು ತುಕ್ಕಲ್ಲ, ಪ್ರತಿ ಆಯುಧಪೂಜೆಗೂ ನಮ್ಮಮ್ಮ ಇಟ್ಟ ಕುಂಕುಮ. ತುಕ್ಕು ಹಿಡಿಯತ್ತೆ ಕಣೇ ಅಂತ ಅಪ್ಪ ಗೊಣಗೋರು. ಒಂದ್ಸಲಾನೂ ಒರೆಸ್ಲಿಲ್ಲ.

ಈಗಾಗ್ಲೇ ಕೆರೆದುಬಿಟ್ಟಿದ್ರೆ ಬಾತ್ ಮುಟ್ಬೇಡಿ. ನಾನು ಬರೋತನಕ ಹಸ್ಕೊಂಡು ಕೂತಿರಿ.

ವೈಜಯಂತಿ