ಕಾಗದ ತಂದವರಿಗೆ ಓದಿ ಹೇಳಬೇಡಿ

ತುರೋರಿ

ಡಾಕ್ಟರ್ ಶಶಿಕಲಾ ಮೇಡಂ ಅವರಿಗೆ ಉಮಾಕಾಂತನ ಶರಣು.

ಉಮರ್ಗಾದ ನಿಮ್ಮ ಪ್ರಕೃತಿ ಚಿಕಿತ್ಸಾಲಯದಲ್ಲಿ ಒಂಬತ್ತು ವರ್ಷ ರೋಗಿಗಳಿಗೆ ಮಣ್ಣಿನ ಪಟ್ಟಿ ಕಟ್ಟಿದವನು ನಾನು. ನನ್ನೂರು ತುರೋರಿಗೆ ಬಂದ ಮೇಲೆ ಮಂಡಿನೋವಿನವರಿಗೆ ಅದನ್ನೇ ಕಟ್ಟಿದೆ. ಜನ ಡಾಕ್ಟರ್ ಅಂದರು. ನಾನು ಬೇಡವೆನ್ನಲಿಲ್ಲ.

ಈ ಕಾಗದ ತಂದಿರುವ ಸುಮಿತ್ರಾಬಾಯಿ ನನ್ನ ಪಟ್ಟಿಯನ್ನು ನಂಬಿ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಬಿಟ್ಟಿದ್ದಾರೆ. ಕಾಲಿನ ಗಾಯ ಕಪ್ಪಾಗುತ್ತಿದೆ. ನಾನು ಡಾಕ್ಟರ್ ಅಲ್ಲ, ನನ್ನ ಹತ್ತಿರ ನೋಂದಣಿ ಪತ್ರವಿಲ್ಲ ಎಂದು ನಿನ್ನೆ ಕೈಮುಗಿದು ಹೇಳಿದೆ. "ದೊಡ್ಡವ್ರು ಹಂಗೇ ಅಂತಾರ್ರೀ, ನಿಮ್ಮ ಕೈಗುಣ ನಂಗ ಗೊತ್ತದ," ಎಂದು ನಕ್ಕರು.

ನಿಮ್ಮ ಗೋಡೆಯ ನೋಂದಣಿ ಪತ್ರದ ಗಾಜನ್ನು ದಿನಾ ಒರೆಸುತ್ತಿದ್ದೆ. ಅದು ಯಾಕಿರಬೇಕೆಂದು ಈಗ ತಿಳಿಯಿತು.

ಕೊನೆಗೆ ಡಾಕ್ಟರರ ಗತ್ತಿನಲ್ಲೇ ಅಪ್ಪಣೆ ಮಾಡಿ ಸುಮಿತ್ರಾಬಾಯಿಯನ್ನು ನಿಮ್ಮಲ್ಲಿಗೆ ಕಳಿಸಿದ್ದೇನೆ. ಅವರು ಕಲಿತದ್ದು ಮರಾಠಿ ಶಾಲೆಯಲ್ಲಿ, ಕನ್ನಡ ಓದಲು ಬರದು. ಅದಕ್ಕೇ ಕನ್ನಡದಲ್ಲಿ ಬರೆದೆ. ಇವತ್ತೇ ದೊಡ್ಡ ಆಸ್ಪತ್ರೆಗೆ ಸೇರಿಸಿ. ಒಲ್ಲೆನೆಂದರೆ, "ಉಮಾಕಾಂತ ಡಾಕ್ಟರ್ ಹಿಂಗೇ ಬರೆದಾರ" ಎಂದು ಈ ಕಾಗದ ತೋರಿಸಿ.

ಕಾಲು ಉಳಿದ ಮೇಲೆ ನಿಜ ಹೇಳಿ. ನಿಮ್ಮ ಮಾತಾದರೂ ನಂಬುತ್ತಾರೆ.

ಇಂತಿ,
ನಿಮ್ಮಲ್ಲಿ ಮಣ್ಣು ಕಲಸುತ್ತಿದ್ದ
ಉಮಾಕಾಂತ