ಆಗಸ್ಟ್‌ನ ಹನ್ನೆರಡು ಪದಗಳು

ಬುಧವಾರ, ನವೆಂಬರ್ 7, 2012
ಕಾಲೇಜು ಗ್ರಂಥಾಲಯ

ಪ್ರೀತಿಯ ಅಮ್ಮ,

ಇವತ್ತು ಬೆಳಿಗ್ಗೆ ತಿಂಡಿ ಮುಗಿಸಿದ ವೇಡ್ ನನ್ನ ಮನೆಯ ಮೆಟ್ಟಿಲ ಮೇಲೆ ಕೂತು ಬಲಗಾಲಿನ ಶೂ ಲೇಸು ಕಟ್ಟಿದ. ಎದ್ದು ನಿಂತ. ಮತ್ತೆ ಕೂತ. ಅದೇ ಲೇಸನ್ನು ಬಿಚ್ಚಿ, ಮೊದಲಿನಷ್ಟೇ ಶ್ರದ್ಧೆಯಿಂದ ಮತ್ತೊಮ್ಮೆ ಕಟ್ಟಿದ. ಎಡಗಾಲಿನದು ಬಿಚ್ಚಿಕೊಂಡೇ ಇತ್ತು. ಮಂಜು ಹೆಪ್ಪುಗಟ್ಟಿದ ಹುಲ್ಲಿನ ಮೇಲೆ ಅದನ್ನು ಎಳೆದುಕೊಂಡೇ ತಮ್ಮ ನಡೆದು ಹೋದ.

ಫೋನಿನಲ್ಲಿ ನನಗೆ ಬಾಯಿ ಬರುವುದಿಲ್ಲ, ನಿನಗೇ ಗೊತ್ತು. ಅದಕ್ಕೇ ಈ ಕಾಗದ. ಭಾನುವಾರ ನೀನು ಕೇಳಿದಾಗ ಅವನಿಗೆ ಸ್ವಲ್ಪ ನೆಗಡಿ ಅಂದೆನಲ್ಲ, ಅದು ಸುಳ್ಳು.

ಊರಿನಲ್ಲಿ ಎಲ್ಲರ ಬಾಯಲ್ಲೂ ಶನಿವಾರದ ಫುಟ್‌ಬಾಲ್ ಆಟದ್ದೇ ಮಾತು. ಒಂಬತ್ತು ಆಟ, ಒಂಬತ್ತು ಗೆಲುವು. ಇದೊಂದನ್ನು ಗೆದ್ದರೆ ಮೂವತ್ತೊಂದು ವರ್ಷದ ಮೇಲೆ ಕಪ್ ನಮ್ಮದು. ಬೇಕರಿಯವಳು ಗಸಗಸೆ ಹೂರಣದ ಕೊಲಾಚಿ ಬನ್ನಿನ ಮೇಲೆ ಸಕ್ಕರೆಯಲ್ಲಿ ವೇಡ್‌ನ ಅಂಗಿಯ ನಂಬರು ಐವತ್ತೆರಡನ್ನು ಬರೆದು ಮಾರುತ್ತಿದ್ದಾಳೆ. ಕೊನೆಯ ವರ್ಷದ ಹುಡುಗರು ಆಟಕ್ಕೆ ಮುಂಚೆ ತಾಯಂದಿರ ಕೈ ಹಿಡಿದು ಮೈದಾನದ ನಡುವಿಗೆ ಬಂದು ಹೂ ಕೊಡುತ್ತಾರೆ. ನೀನು ಅದಕ್ಕೆಂದೇ ನೀಲಿ ಕೋಟಿನ ಅಂಚು ಹೊಲಿದಿಟ್ಟಿದ್ದೀಯಂತೆ, ಅವನೇ ಹೇಳಿದ. ಮೂರು ಸಲ ಹೇಳಿದ.

ಈಗ ಆಗಸ್ಟ್‌ನ ವಿಷಯ. ಋತು ಶುರುವಾಗುವ ಮುಂಚೆ ಎಲ್ಲ ಆಟಗಾರರಿಗೂ ಕಂಪ್ಯೂಟರಿನಲ್ಲಿ ಒಂದು ನೆನಪಿನ ಪರೀಕ್ಷೆ ಇರುತ್ತದೆ. ಹನ್ನೆರಡು ಪದ ತೋರಿಸಿ, ಸ್ವಲ್ಪ ಹೊತ್ತಿನ ಮೇಲೆ ಕೇಳುತ್ತಾರೆ. ಆಮೇಲೆ ಯಾರ ತಲೆಗಾದರೂ ಪೆಟ್ಟು ಬಿದ್ದರೆ ಅದೇ ಬಗೆಯ ಪರೀಕ್ಷೆ ಮತ್ತೆ. ಅಂಕ ಆಗಸ್ಟ್‌ನದಕ್ಕಿಂತ ಇಳಿದಿದ್ದರೆ ವಾಸಿಯಾಗುವವರೆಗೆ ಆಟವಿಲ್ಲ. ತಂಡದ ಗಾಯಗಳನ್ನು ನೋಡಿಕೊಳ್ಳುವ ಒಪಲ್, ಹುಡುಗರ ಪ್ರಬಂಧ ತಿದ್ದುವ ನಾನು ಹೇಗೂ ಇಲ್ಲೇ ಇರುತ್ತೇನೆಂದು, ಮೇಲ್ವಿಚಾರಣೆಗೆ ನನ್ನನ್ನು ಕೂರಿಸಿದ್ದರು.

ವೇಡ್ ಹನ್ನೆರಡರಲ್ಲಿ ಐದೇ ಪದ ಗುರುತಿಸಿದ. ಏಳು ವರ್ಷದವನಿದ್ದಾಗ ನಮ್ಮೂರ ಸ್ಮಶಾನದ ಒಂದಿಡೀ ಸಾಲಿನ ಹೆಸರುಗಳನ್ನು ಹಿಂದುಮುಂದಾಗಿ ಒಪ್ಪಿಸಿ ಪಾದ್ರಿಯನ್ನು ನಗಿಸಿದ್ದ ಹುಡುಗ! ನಾನು ಅವನ ಮುಖ ನೋಡಿದೆ. ತುಟಿಯಂಚಿನಲ್ಲಿ ನಗುತ್ತಿದ್ದ.

ಆಮೇಲೆ ಹೊರಗೆ ಕಾರಿಡಾರಿನಲ್ಲಿ ಹೊಸ ಹುಡುಗರಿಗೆ ವೇಡ್‌ನ ಪಾಠ ನಡೆದಿತ್ತು. "ಕೇಳ್ರೋ, ಆಗಸ್ಟ್‌ನಲ್ಲಿ ದಡ್ಡ ಆದೋನು ಅಕ್ಟೋಬರ್‌ನಲ್ಲಿ ಆಡ್ತಾನೆ. ನಂಗೂ ಸೀನಿಯರ್‌ಗಳು ಇದನ್ನೇ ಹೇಳ್ಕೊಟ್ಟಿದ್ದು." ಎಲ್ಲರೂ ನಕ್ಕರು. ನನ್ನನ್ನು ಕಂಡವನೇ, "ಟೀಚರಮ್ಮ, ನಿಂಗೇನೂ ಕೇಳಿಸ್ಲಿಲ್ಲ ಅಲ್ವಾ?" ಎಂದ. ಇಲ್ಲವೆಂದು ತಲೆಯಾಡಿಸಿದೆ. ಅಷ್ಟು ಮಾಡುವುದು ನನಗೆ ಸುಲಭ.

ಅಕ್ಟೋಬರ್ ಹದಿಮೂರರ ಆಟವನ್ನು ನೀನು ರೇಡಿಯೋದಲ್ಲಿ ಕೇಳಿದ್ದೆ. ವೇಡ್ ತಲೆಗೆ ಪೆಟ್ಟು ತಿಂದು ಬಿದ್ದಾಗ, ನಮ್ಮ ಮನೆಹೆಸರು ಹಿಡಿದು, ಕುಚೆರಾ ನಿಧಾನವಾಗಿ ಎದ್ದ, ಅಷ್ಟೇ ಹೇಳಿದರಂತೆ. ಅವನು ಎದ್ದದ್ದು ನಿಜ. ಎದ್ದು, ಹೆಲ್ಮೆಟ್ ಸರಿಮಾಡಿಕೊಂಡು, ಎದುರಾಳಿಗಳ ಗುಂಪಿನಲ್ಲಿ ಹೋಗಿ ನಿಂತ. ಮರು ಸೋಮವಾರ ಒಪಲ್ ಮತ್ತೆ ಆ ಪರೀಕ್ಷೆ ಮಾಡಿದರು. ಐದು ಪದ. ಆಗಸ್ಟ್‌ನಲ್ಲೂ ಐದು. ತಲೆನೋವು ಗಿಲೆನೋವು ಇದೆಯಾ ಅಂದರೆ ಏನೂ ಇಲ್ಲ ಅಂದ. ಅವರು ಅವನನ್ನು ಆಟಕ್ಕೆ ಬಿಟ್ಟರು. ಅವರ ತಪ್ಪಿಲ್ಲ ಅಮ್ಮ. ಆಗಸ್ಟ್‌ನ ಐದು ಬೇಕೆಂದೇ ಮಾಡಿದ್ದು, ಈ ಸಲದ ಐದು ನಿಜವಾದ ಮರೆವು ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ಹೋದ ವಾರ ಅಭ್ಯಾಸ ನೋಡಲು ಹೋಗಿದ್ದೆ. ಬಗ್ಗಿ ನಿಂತು ಚೆಂಡನ್ನು ಕಾಲುಗಳ ನಡುವಿನಿಂದ ಹಿಂದಕ್ಕೆ ಕೊಡುವವನು ವೇಡ್, ಎಷ್ಟನೇ ಕೂಗಿಗೆ ಕೊಡಬೇಕೆಂಬ ಲೆಕ್ಕ ಅವನೇ ಮರೆತರೆ ಇಡೀ ಸಾಲು ಮುಗ್ಗರಿಸುತ್ತದೆ. ನಾಲ್ಕು ಸಲ ಮರೆತ. ಹಿಂದೆ ನಿಂತು ಕೂಗು ಹಾಕಿ ಚೆಂಡು ತೆಗೆದುಕೊಳ್ಳುವ ಕ್ವಾರ್ಟರ್‌ಬ್ಯಾಕ್ ಹುಡುಗ, "ಲೋ ಮುದುಕ, ಎರಡನೇ ಕೂಗಿಗೆ ಅಂದ್ರೆ ಎರಡನೇ ಕೂಗಿಗೆ ಕಣೋ, ನಿಮ್ಮಜ್ಜನ ಮದುವೆಗಲ್ಲ!" ಎಂದು ರೇಗಿದ. ಎಲ್ಲರೂ ನಕ್ಕರು. ವೇಡ್ ಅವರ ಮುಖಗಳನ್ನೆಲ್ಲ ನೋಡಿ, ಕೊನೆಗೆ ತಾನೂ ನಕ್ಕ.

ಮೊನ್ನೆ ಸೋಮವಾರ ಧೈರ್ಯ ಮಾಡಿ, ಒಪಲ್‌ಗೆ ಹೇಳಿಬಿಡೋಣವೇ ಎಂದು ಅವನನ್ನು ಕೇಳಿದೆ. "ಇನ್ನೊಂದೇ ಆಟ ಲಿಬಿ. ಅಮ್ಮ ಬರ್ತಾಳೆ. ಆಮೇಲೆ ಜನ್ಮವಿಡೀ ಸುಮ್ನೆ ಕೂತಿರ್ತೀನಿ. ನೀನು ಹೇಳಿದ ಪುಸ್ತಕ ಎಲ್ಲಾ ಓದ್ತೀನಿ, ಆ ದಿಂಬಿನಷ್ಟು ದಪ್ಪ ಇರೋದನ್ನೂ" ಎಂದ. ನನಗೆ ನಗು ಬಂತು. ಒಪ್ಪಿಕೊಂಡೂಬಿಡುತ್ತಿದ್ದೆ. ಐದು ನಿಮಿಷ ಕಳೆದಿರಲಿಲ್ಲ, "ಶನಿವಾರ ಅಮ್ಮ ಬರ್ತಾಳಾ?" ಎಂದು ಕೇಳಿದ.

ಅಪ್ಪನೂ ಹನ್ನೊಂದು ವರ್ಷ ಅದೇ ಜಾಗದಲ್ಲಿ ಬಗ್ಗಿ ನಿಂತು ಆಡಿದವರು. ಅವರ ಬದುಕಿನ ಕೊನೆಯ ವರ್ಷ ಅಡುಗೆಮನೆಯ ಡ್ರಾಯರುಗಳಿಗೆಲ್ಲ ನೀನು ಚೀಟಿ ಅಂಟಿಸಿದ್ದೆ. ಚಮಚ, ಚಾಕು, ಬೆಂಕಿಪೊಟ್ಟಣ. ಬಂದ ನೆಂಟರಿಗೆ ಅನುಕೂಲ ಅಂದೆ. ನಮ್ಮ ಮನೆಗೆ ನೆಂಟರೇ ಬರುತ್ತಿರಲಿಲ್ಲ. ನನಗೆ ಆಗ ಹದಿನೈದು, ಅವು ಅಪ್ಪನಿಗೆಂದು ಅರ್ಥವಾಗಿತ್ತು. ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ಇದು ನಿನ್ನ ಮೇಲಿನ ದೂರಲ್ಲ. ಆ ಮೌನ ನನಗೂ ಬಂದಿದೆ, ಅಷ್ಟೇ.

ಇವತ್ತು ಅಭ್ಯಾಸ ಶುರುವಾಗುವುದು ಮೂರಕ್ಕೆ. ಎರಡು ಗಂಟೆಗೆ ನಾನು ಒಪಲ್ ಹತ್ತಿರ ಹೋಗುತ್ತೇನೆ. ವೇಡ್ ಮರೆತದ್ದನ್ನೆಲ್ಲ ತಾರೀಖು ಹಾಕಿ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ, ಅದನ್ನು ಕೊಡುತ್ತೇನೆ. ಆಗಸ್ಟ್‌ನಲ್ಲಿ ನಾನು ಕಂಡದ್ದನ್ನೂ, ಸುಮ್ಮನಿದ್ದದ್ದನ್ನೂ ಹೇಳುತ್ತೇನೆ. ಈ ಕೆಲಸ ಉಳಿಯಲಿಕ್ಕಿಲ್ಲ. ವೇಡ್ ನನ್ನ ಜೊತೆ ಮಾತು ಬಿಡಬಹುದು, ಎಷ್ಟು ದಿನವೋ. ಬೇಕರಿಯವಳೂ ಬಿಟ್ಟಾಳು.

ಇದು ನಿನಗೆ ತಲುಪುವುದು ಶುಕ್ರವಾರ. ಬೇಡ ಅನ್ನುವುದಕ್ಕೆ ನಿನಗೆ ಹೊತ್ತಿರಬಾರದೆಂದೇ ಫೋನು ಮಾಡಲಿಲ್ಲ. ಕ್ಷಮಿಸು.

ನಿನ್ನ ಮಗಳು,
ಲಿಬಿ

ಇನ್ನೊಂದು ಮಾತು: ಶನಿವಾರದ ಅಂಗಿ ಇಸ್ತ್ರಿ ಮಾಡಿಕೊಡೆಂದು ವೇಡ್ ಹೇಳಿದ್ದ, ಅದನ್ನು ತರಲು ನಿನ್ನೆ ಅವನ ಕೋಣೆಗೆ ಹೋಗಿದ್ದೆ. ಬೀರುವಿನ ಬಾಗಿಲ ಒಳಗಡೆ ಅವನದೇ ಅಕ್ಷರದ ಚೀಟಿಗಳಿದ್ದವು. ಕಾಲುಚೀಲ. ಬೀಗದ ಕೈ. ಬುಧವಾರ ಲಿಬಿ ಮನೆ ತಿಂಡಿ. ಎಲ್ಲಕ್ಕಿಂತ ಕೆಳಗಿನದರಲ್ಲಿ, ಶನಿವಾರ ಅಮ್ಮನಿಗೆ ಹೂ, ಹಳದಿ. ನೀನು ಬಾ ಅಮ್ಮ. ನೀಲಿ ಕೋಟು ಹಾಕಿಕೊಂಡೇ ಬಾ. ಹೂ ಕೊಡುವುದಕ್ಕೆ ಹೆಲ್ಮೆಟ್ ಬೇಕಾಗಿಲ್ಲ.